ರೇಂಜ್‌ಫೈಂಡರ್ ಕ್ಯಾಮೆರಾಗಳು: ಬಳಕೆ ಮತ್ತು ಸಂಗ್ರಹ

ರೇಂಜ್‌ಫೈಂಡರ್ ಕ್ಯಾಮೆರಾ: ಎದುರಿನ ವಸ್ತು ಎಷ್ಟು ದೂರದಲ್ಲಿದೆ ಎಂಬುದನ್ನು ಎರಡು ಕಿಂಡಿಗಳ ಸಹಾಯದಿಂದ ಅಳೆದು, ಆ ಅಳತೆಗೆ ತಕ್ಕಂತೆ ಲೆನ್ಸನ್ನು ಹೊಂದಿಸಿಕೊಳ್ಳುವ ಕ್ಯಾಮೆರಾ. ಕನ್ನಡದಲ್ಲಿ ದೂರಮಾಪಕ ಕ್ಯಾಮೆರಾ ಎನ್ನಬಹುದು. ಆದರೆ ಸ್ಟುಡಿಯೊದವರಾಗಲಿ ರಿಪೇರಿಯವರಾಗಲಿ ಹಾಗೆ ಕರೆದದ್ದಿಲ್ಲ. 1930ರ ದಶಕದಿಂದ 1960ರ ಸುಮಾರಿನವರೆಗೆ ಪತ್ರಿಕಾ ಛಾಯಾಗ್ರಾಹಕರ ಕೊರಳಲ್ಲಿ ತೂಗುತ್ತಿದ್ದ 35 ಮಿ.ಮೀ. ಕ್ಯಾಮೆರಾಗಳಲ್ಲಿ ಹೆಚ್ಚಿನವು ಈ ಜಾತಿಯವು. ಇಂದು ಅವು ಹಳೆಯ ವಸ್ತುಗಳು. ಕೆಲವರು ಅವನ್ನು ಗಾಜಿನ ಕಪಾಟಿನಲ್ಲಿ ಜೋಡಿಸಿಡುತ್ತಾರೆ, ಇನ್ನು ಕೆಲವರು ರೀಲು ತುಂಬಿಸಿಕೊಂಡು ಬೀದಿಗಿಳಿಯುತ್ತಾರೆ. ಇಬ್ಬರೂ ನೆನಪಿಡಬೇಕಾದ ಸಂಗತಿ ಒಂದಿದೆ: ಇದು ಮೊದಲು ಅಳತೆಗೋಲು, ಆಮೇಲೆ ಕ್ಯಾಮೆರಾ. ಇದರ ಗುಣ, ಕಾಯಿಲೆ, ಲೆನ್ಸುಗಳ ಹೊಂದಾಣಿಕೆ, ಕೊನೆಗೆ ನಕಲಿಯ ಪತ್ತೆ ಕೂಡ ಆ ಅಳತೆಯ ಸುತ್ತಲೇ ತಿರುಗುತ್ತವೆ.

ಅಳೆಯುವ ಬಗೆ

ಮೂಗಿನೆದುರು ಬೆರಳು ಹಿಡಿದು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿದರೆ ಬೆರಳು ಅತ್ತಿತ್ತ ಜಿಗಿದಂತೆ ಕಾಣುತ್ತದೆ. ತೋಳು ಚಾಚಿ ಹಿಡಿದರೆ ಜಿಗಿತ ಕಡಿಮೆ. ರೇಂಜ್‌ಫೈಂಡರ್ ನಡೆಯುವುದು ಇದೇ ತತ್ತ್ವದ ಮೇಲೆ. ಕ್ಯಾಮೆರಾದ ನೆತ್ತಿಯಲ್ಲಿ ಒಂದಿಷ್ಟು ಅಂತರದಲ್ಲಿ ಎರಡು ಕಿಂಡಿಗಳಿರುತ್ತವೆ. ಒಂದರ ನೋಟ ನೇರವಾಗಿ ಕಣ್ಣಿಗೆ ಬರುತ್ತದೆ. ಇನ್ನೊಂದರದು ತಿರುಗುವ ಕನ್ನಡಿ ಅಥವಾ ಪ್ರಿಸಮ್ಮಿನ ಮೂಲಕ ಹಾದು, ಅರೆಪಾರದರ್ಶಕ ಕನ್ನಡಿಯ ಮೇಲೆ ಬಿದ್ದು, ಮೊದಲ ನೋಟದ ನಡುವೆ ಚಿಕ್ಕ ಚೌಕವಾಗಿ ಮೂಡುತ್ತದೆ. ಆ ಚೌಕದೊಳಗೆ ಎದುರಿನ ವಸ್ತು ಎರಡೆರಡಾಗಿ ಕಾಣುತ್ತದೆ. ಲೆನ್ಸಿನ ಉಂಗುರ ತಿರುಗಿಸುತ್ತ ಹೋದಂತೆ ಎರಡೂ ಬಿಂಬಗಳು ಹತ್ತಿರ ಸರಿದು ಒಂದಾಗುತ್ತವೆ. ಒಂದಾದ ಕ್ಷಣದಲ್ಲಿ ಫೋಕಸ್ ಸರಿಯಾಗಿದೆ ಎಂದು ಅರ್ಥ.

ಲೆನ್ಸಿಗೂ ಆ ಕನ್ನಡಿಗೂ ನಡುವೆ ಇರುವುದು ಒಂದು ಪುಟ್ಟ ಲೋಹದ ತೋಳು. ಲೆನ್ಸಿನ ಹಿಂಭಾಗದ ಲೋಹದ ಅಂಚು ಹಿಂದೆ ಮುಂದೆ ಸರಿದಂತೆ ಈ ತೋಳನ್ನು ತಳ್ಳುತ್ತದೆ, ತೋಳು ಕನ್ನಡಿಯನ್ನು ಕೂದಲೆಳೆಯಷ್ಟು ಹೊರಳಿಸುತ್ತದೆ. ಛಾಯಾಗ್ರಾಹಕ ಲೆನ್ಸಿನ ಮೂಲಕ ಏನನ್ನೂ ನೋಡುವುದಿಲ್ಲ. ಅವನು ನೋಡುವುದು ಅಳತೆಯನ್ನು. ತೋಳು ಸವೆದಿದ್ದರೆ, ಕನ್ನಡಿ ಸರಿದಿದ್ದರೆ, ಕಣ್ಣಿಗೆ ಎಲ್ಲವೂ ಸರಿಯಾಗಿ ಕಂಡೂ ಚಿತ್ರ ಮಂಜಾಗುತ್ತದೆ.

ಕಿಂಡಿಗಳ ನಡುವಿನ ಅಂತರಕ್ಕೆ ತಳರೇಖೆ ಎನ್ನುತ್ತಾರೆ. ತಳರೇಖೆ ಉದ್ದವಾದಷ್ಟೂ ಅಳತೆ ನಿಖರ. ಹಿಂದೆ ಯುದ್ಧನೌಕೆಗಳಲ್ಲಿ ಫಿರಂಗಿಯ ಗುರಿಗಾಗಿ ಇಡುತ್ತಿದ್ದ ದೂರಮಾಪಕಗಳು ಮೀಟರುಗಟ್ಟಲೆ ಉದ್ದವಿರುತ್ತಿದ್ದುದು ಈ ಕಾರಣಕ್ಕೆ. ಅಂಗೈ ಅಗಲದ ಕ್ಯಾಮೆರಾದಲ್ಲಿ ಅಷ್ಟು ಜಾಗವೆಲ್ಲಿ? ಆದ್ದರಿಂದ ತಳರೇಖೆಯನ್ನು ವ್ಯೂಫೈಂಡರ್ ಎಷ್ಟು ಪಟ್ಟು ಹಿಗ್ಗಿಸಿ ಅಥವಾ ಕುಗ್ಗಿಸಿ ತೋರಿಸುತ್ತದೆಯೋ ಅದರಿಂದ ಗುಣಿಸಿ, ಬಂದ ಸಂಖ್ಯೆಯಿಂದ ಕ್ಯಾಮೆರಾದ ಯೋಗ್ಯತೆ ಅಳೆಯುತ್ತಾರೆ. ಜರ್ಮನಿಯ ಲೈಕಾ ಎಂ3 ಕ್ಯಾಮೆರಾದಲ್ಲಿ ಇದು ಸುಮಾರು 63 ಮಿ.ಮೀ. 50 ಮಿ.ಮೀ. ಎಫ್/1.4 ಲೆನ್ಸಿಗೆ ಇದು ಧಾರಾಳ. 135 ಮಿ.ಮೀ. ಲೆನ್ಸಿಗೆ ಬರುವಷ್ಟರಲ್ಲಿ ಸಾಕುಬೇಕಾಗುತ್ತದೆ; ಅದಕ್ಕಿಂತ ಉದ್ದದ ಲೆನ್ಸುಗಳು ಈ ಜಾತಿಯ ಕ್ಯಾಮೆರಾಗಳಿಗೆ ಒಗ್ಗಲೇ ಇಲ್ಲ. 35 ಮಿ.ಮೀ., 28 ಮಿ.ಮೀ. ಅಗಲ ನೋಟದ ಲೆನ್ಸುಗಳಿಗಾದರೆ ಇದಕ್ಕಿಂತ ಖಚಿತವಾಗಿ ಕೈಯಿಂದ ಫೋಕಸ್ ಮಾಡುವ ದಾರಿ ಕಡಿಮೆ.

ವೆಟ್ಸ್ಲರ್ ಮತ್ತು ಡ್ರೆಸ್ಡೆನ್

ಲೆನ್ಸಿಗೆ ಜೋಡಿಸಿದ ರೇಂಜ್‌ಫೈಂಡರ್ ಮೊದಲು ಬಂದದ್ದು 1916ರಲ್ಲಿ, ಕೊಡಾಕ್ ಕಂಪನಿಯ ನಂ. 3ಎ ಆಟೋಗ್ರಾಫಿಕ್ ಸ್ಪೆಷಲ್ ಎಂಬ ಮಡಚುವ ಕ್ಯಾಮೆರಾದಲ್ಲಿ. ಪೋಸ್ಟ್‌ಕಾರ್ಡ್ ಗಾತ್ರದ ನೆಗೆಟಿವ್ ಕೊಡುತ್ತಿದ್ದ ಅದು ದೊಡ್ಡ ಸಂಚಲನವನ್ನೇನೂ ಉಂಟುಮಾಡಲಿಲ್ಲ. ಕಥೆ ನಿಜವಾಗಿ ಶುರುವಾಗುವುದು ಜರ್ಮನಿಯ ವೆಟ್ಸ್ಲರ್ ಪಟ್ಟಣದಲ್ಲಿ, ಸೂಕ್ಷ್ಮದರ್ಶಕ ತಯಾರಿಸುತ್ತಿದ್ದ ಅರ್ನ್ಸ್ಟ್ ಲೈಟ್ಸ್ ಕಾರ್ಖಾನೆಯಲ್ಲಿ. ಅಲ್ಲಿ ಕೆಲಸಕ್ಕಿದ್ದ ಆಸ್ಕರ್ ಬಾರ್ನಾಕ್‌ಗೆ ಉಬ್ಬಸದ ಕಾಯಿಲೆ, ಬೆಟ್ಟ ಸುತ್ತುವ ಹುಚ್ಚು. ಗಾಜಿನ ಫಲಕಗಳ ಭಾರದ ಕ್ಯಾಮೆರಾ ಹೊರಲಾರದೆ, ಸಿನಿಮಾ ಫಿಲ್ಮನ್ನು ಅಡ್ಡಲಾಗಿ ಓಡಿಸಿ ಎರಡು ಸಿನಿಮಾ ಚೌಕಟ್ಟುಗಳಷ್ಟು ಜಾಗದಲ್ಲಿ, ಅಂದರೆ 24×36 ಮಿ.ಮೀ. ಅಳತೆಯಲ್ಲಿ, ಒಂದು ಚಿತ್ರ ತೆಗೆಯುವ ಪುಟ್ಟ ಕ್ಯಾಮೆರಾವನ್ನು ಅವನು 1914ರ ಹೊತ್ತಿಗೆ ಮಾಡಿಕೊಂಡಿದ್ದ. 1925ರ ಲೈಪ್‌ಜಿಗ್ ಮೇಳದಲ್ಲಿ ಅದು ಲೈಕಾ ಎಂಬ ಹೆಸರಿನಿಂದ ಮಾರಾಟಕ್ಕೆ ಬಂತು. ಅದೇ ಕಾರ್ಖಾನೆಯ ಮ್ಯಾಕ್ಸ್ ಬೆರೆಕ್ ರೂಪಿಸಿದ 50 ಮಿ.ಮೀ. ಎಫ್/3.5 ಲೆನ್ಸು, ಮುಂದೆ ಎಲ್ಮಾರ್ ಎಂದು ಹೆಸರಾದದ್ದು, ಅದರ ಕಣ್ಣಾಯಿತು. ಆಗಿನ್ನೂ ದೂರವನ್ನು ಅಂದಾಜು ಮಾಡಬೇಕಿತ್ತು, ಇಲ್ಲವೆ ನೆತ್ತಿಗೆ ಸಿಕ್ಕಿಸುವ ಬಿಡಿ ದೂರಮಾಪಕದಲ್ಲಿ ಓದಿ ಲೆನ್ಸಿಗೆ ದಾಟಿಸಬೇಕಿತ್ತು. ಎರಡನ್ನೂ ಬೆಸೆದದ್ದು 1932ರ ಲೈಕಾ 2. ಲೆನ್ಸು ತಿರುಪಿ ಕೂರಿಸುವ 39 ಮಿ.ಮೀ. ತಿರುಪಿನ ಮೌಂಟು ಅದಕ್ಕೆ ಸ್ವಲ್ಪ ಮುಂಚೆಯೇ ಒಂದು ನೆಲೆಗೆ ನಿಂತಿತ್ತು.

ಅದೇ 1932ರಲ್ಲಿ ಡ್ರೆಸ್ಡೆನ್‌ನ ಝೈಸ್ ಇಕಾನ್ ಕಾಂಟಾಕ್ಸನ್ನು ತಂದಿತು. ಲೈಕಾ ಬಟ್ಟೆಯ ಷಟರನ್ನು ಅಡ್ಡ ಓಡಿಸಿದರೆ ಕಾಂಟಾಕ್ಸ್ ಲೋಹದ ಷಟರನ್ನು ಮೇಲಿನಿಂದ ಕೆಳಕ್ಕೆ ಓಡಿಸಿತು. ಮೊದಲ ಕಾಂಟಾಕ್ಸ್ ಬುದ್ಧಿವಂತ, ಆದರೆ ರೋಗಿಷ್ಠ. 1936ರ ಕಾಂಟಾಕ್ಸ್ 2 ಹಾಗಲ್ಲ. ಫೋಕಸ್ ನೋಡುವ ಕಿಂಡಿ ಮತ್ತು ಚೌಕಟ್ಟು ನೋಡುವ ಕಿಂಡಿ ಅದರಲ್ಲಿ ಒಂದೇ ಆದವು. ಲೈಕಾ ಬಳಸುವವರು ಈ ಸೌಕರ್ಯಕ್ಕಾಗಿ 1954ರವರೆಗೆ ಕಾಯಬೇಕಾಯಿತು. ಕಾಂಟಾಕ್ಸ್ 2ರ ತಳರೇಖೆ 90 ಮಿ.ಮೀ. ಆಸುಪಾಸಿನಲ್ಲಿದ್ದರೆ ಅಂದಿನ ಲೈಕಾದ್ದು 40 ಮಿ.ಮೀ.ಗೂ ಕಡಿಮೆ. ಯುದ್ಧ ಛಾಯಾಗ್ರಾಹಕ ರಾಬರ್ಟ್ ಕಾಪಾ 1944ರ ಜೂನ್ 6ರಂದು ನಾರ್ಮಂಡಿಯ ಕಡಲತೀರಕ್ಕೆ ಒಯ್ದದ್ದು ಕಾಂಟಾಕ್ಸ್ 2 ಕ್ಯಾಮೆರಾಗಳನ್ನು. ಇತಿಹಾಸವೆಂದರೆ ಲೈಕಾ ಮಾತ್ರ ಎಂದು ನಂಬಿದ ಸಂಗ್ರಾಹಕರು ಇದನ್ನು ಸುಲಭವಾಗಿ ಮರೆಯುತ್ತಾರೆ.

ಕಾಂಟಾಕ್ಸಿನ ನಿಜವಾದ ಆಸ್ತಿ ಲುಡ್ವಿಗ್ ಬೆರ್ಟೆಲೆ ರಚಿಸಿದ ಸೊನ್ನಾರ್ ಲೆನ್ಸುಗಳು. ಗಾಜಿನ ಮೇಲ್ಮೈಗೆ ಲೇಪ ಹಚ್ಚುವ ವಿದ್ಯೆ ಬಳಕೆಗೆ ಬರುವ ಮುನ್ನ, ಗಾಳಿಗೆ ತೆರೆದ ಪ್ರತಿಯೊಂದು ಗಾಜಿನ ಮುಖವೂ ಒಂದಿಷ್ಟು ಬೆಳಕನ್ನು ಚದುರಿಸಿ ಚಿತ್ರವನ್ನು ಮಂಕು ಮಾಡುತ್ತಿತ್ತು. ಬೆರ್ಟೆಲೆ ಗಾಜುಗಳನ್ನು ಒಂದಕ್ಕೊಂದು ಅಂಟಿಸಿ ಮೂರೇ ಗುಂಪು ಮಾಡಿದ. ಏಳು ಗಾಜುಗಳ ಎಫ್/1.5 ಸೊನ್ನಾರ್‌ಗೆ ಗಾಳಿ ಮುಟ್ಟುವ ಮುಖಗಳು ಆರೇ. 1935ರಲ್ಲಿ ಝೈಸ್‌ನ ಅಲೆಕ್ಸಾಂಡರ್ ಸ್ಮಾಕುಲ ಲೇಪದ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಈ ಉಪಾಯದ ಅಗತ್ಯ ಕರಗುತ್ತ ಬಂತು. ಆದರೂ ಸೊನ್ನಾರ್ ಬಿಡಿಸುವ ಮುಖಚಿತ್ರಗಳ ಮೃದುತ್ವಕ್ಕೆ ಇಂದಿಗೂ ಮರುಳಾಗುವವರಿದ್ದಾರೆ, ಅದು ಅಕಾರಣವೂ ಅಲ್ಲ.

ಖಾರ್ಕಿವ್, ಕೀವ್, ಟೋಕಿಯೊ

ಲೈಕಾ 2ರ ಪ್ರತಿರೂಪವೊಂದು 1934ರಲ್ಲಿ ಉಕ್ರೇನಿನ ಖಾರ್ಕಿವ್‌ನಲ್ಲಿ ಹುಟ್ಟಿತು. ತಯಾರಿಸಿದ್ದು ಶಿಕ್ಷಣತಜ್ಞ ಆಂಟನ್ ಮಕರೆಂಕೊ ಮುನ್ನಡೆಸಿದ, ಮನೆಮಠವಿಲ್ಲದ ಮಕ್ಕಳ ಕಮ್ಯೂನ್. ಸೋವಿಯತ್ ರಹಸ್ಯ ಪೊಲೀಸ್ ಪಡೆಯ ಸ್ಥಾಪಕ ಫೆಲಿಕ್ಸ್ ಎಡ್ಮುಂಡೊವಿಚ್ ಜೆರ್ಝಿನ್‌ಸ್ಕಿಯ ಹೆಸರಿನ ಮೊದಲಕ್ಷರಗಳಿಂದ ಕ್ಯಾಮೆರಾಕ್ಕೆ ಫೆಡ್ ಎಂದು ಹೆಸರಾಯಿತು. ಎರಡನೆಯ ಮಹಾಯುದ್ಧದ ನಂತರ ಮಾಸ್ಕೊ ಬಳಿಯ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆ ಅದೇ ವಂಶದ ಝೋರ್ಕಿಯನ್ನು ಹೊರತಂದಿತು. ಕಾಂಟಾಕ್ಸಿನ ಯಂತ್ರಗಳು ಯುದ್ಧಪರಿಹಾರವಾಗಿ ಸೋವಿಯತ್ ಒಕ್ಕೂಟಕ್ಕೆ ಹೋದವು. ಕೀವ್ ನಗರದ ಆರ್ಸೆನಾಲ್ ಕಾರ್ಖಾನೆ ಕಾಂಟಾಕ್ಸನ್ನೇ ಕೀವ್ ಎಂಬ ಹೆಸರಿನಲ್ಲಿ 1980ರ ದಶಕದವರೆಗೂ ಮಾಡುತ್ತ ಬಂತು. 1936ರ ಜರ್ಮನ್ ಕ್ಯಾಮೆರಾವೊಂದು ಸುಮಾರು ನಾಲ್ಕು ದಶಕ ಬೇರೆ ಹೆಸರಿನಲ್ಲಿ ಬಾಳಿದ ವಿಚಿತ್ರವಿದು. ಸೊನ್ನಾರ್ ಅಲ್ಲಿ ಜುಪಿಟರ್ ಆಯಿತು: 50 ಮಿ.ಮೀ. ಎಫ್/2 ಜುಪಿಟರ್-8, ಎಫ್/1.5 ಜುಪಿಟರ್-3, 85 ಮಿ.ಮೀ. ಜುಪಿಟರ್-9.

ಜಪಾನಿನಲ್ಲಿ 1936ರ ಹಾನ್ಸಾ ಕ್ಯಾನನ್‌ಗೆ ಲೆನ್ಸು ಮಾಡಿಕೊಟ್ಟದ್ದು, ಮುಂದೆ ಅದರ ಪ್ರತಿಸ್ಪರ್ಧಿಯಾಗಿ ನಿಕಾನ್ ಎನಿಸಿಕೊಂಡ ನಿಪ್ಪಾನ್ ಕೊಗಾಕು. 1948ರಲ್ಲಿ ಬಂದ ಮೊದಲ ನಿಕಾನ್ ಹೊರಗಿನಿಂದ ಕಾಂಟಾಕ್ಸಿನ ಹಾಗೆ, ಒಳಗಿನಿಂದ ಲೈಕಾದ ಬಟ್ಟೆ ಷಟರಿನ ಹಾಗೆ: ಎರಡರಿಂದಲೂ ಒಳ್ಳೆಯದನ್ನೇ ಆರಿಸಿಕೊಂಡ ಜಾಣತನ. 1950ರಲ್ಲಿ ಅಮೆರಿಕದ ಲೈಫ್ ಪತ್ರಿಕೆಯ ಛಾಯಾಗ್ರಾಹಕ ಡೇವಿಡ್ ಡಗ್ಲಸ್ ಡಂಕನ್ ಟೋಕಿಯೊದಲ್ಲಿ ನಿಪ್ಪಾನ್ ಕೊಗಾಕುವಿನ ನಿಕ್ಕಾರ್ ಲೆನ್ಸು ಪರೀಕ್ಷಿಸಿ, ಅದನ್ನೇ ತನ್ನ ಲೈಕಾಗಳಿಗೆ ಸಿಕ್ಕಿಸಿಕೊಂಡು ಕೊರಿಯಾ ಯುದ್ಧಕ್ಕೆ ಹೋದ ಮೇಲೆ ಜಪಾನಿ ಗಾಜಿನ ಬಗ್ಗೆ ಪಶ್ಚಿಮದವರಿಗಿದ್ದ ತಾತ್ಸಾರ ಇಳಿಯಿತು.

1954ರಲ್ಲಿ ಬಂದ ಲೈಕಾ ಎಂ3 ಈ ಜಾತಿಯ ಶಿಖರ. ತಿರುಪು ಹೋಗಿ, ಸಿಕ್ಕಿಸಿ ತುಸು ಹೊರಳಿಸಿದರೆ ಕೂರುವ ಬಯೊನೆಟ್ ಮೌಂಟು ಬಂತು. ಲೆನ್ಸು ಸಿಕ್ಕಿಸಿದೊಡನೆ 50, 90 ಅಥವಾ 135 ಮಿ.ಮೀ. ಚೌಕಟ್ಟಿನ ಗೆರೆ ತಾನಾಗಿ ಮೂಡುತ್ತಿತ್ತು. ಹತ್ತಿರದ ವಸ್ತುವಿಗೆ ಫೋಕಸ್ ಮಾಡಿದರೆ ನೋಟದ ವ್ಯತ್ಯಾಸ ಸರಿಪಡಿಸಲು ಗೆರೆಗಳೇ ಸರಿಯುತ್ತಿದ್ದವು. ವ್ಯೂಫೈಂಡರಿನ ವೃದ್ಧಿ 0.91 ಆದ್ದರಿಂದ ಎರಡೂ ಕಣ್ಣು ತೆರೆದೇ ನೋಡಬಹುದಿತ್ತು. ಎರಡು ಲಕ್ಷಕ್ಕೂ ಹೆಚ್ಚು ಎಂ3ಗಳು ತಯಾರಾದವು. ಇದರೊಂದಿಗೆ ಸೆಣಸಿದ ಜಪಾನಿನ ಅತಿ ಉತ್ತಮ ಉತ್ತರ 1957ರ ನಿಕಾನ್ ಎಸ್‌ಪಿ. ಆದರೆ ಅದೇ ಎಸ್‌ಪಿಯ ಒಡಲಿಗೆ ಕನ್ನಡಿಯ ಪೆಟ್ಟಿಗೆ ಸೇರಿಸಿ 1959ರಲ್ಲಿ ತಂದ ನಿಕಾನ್ ಎಫ್, ಲೆನ್ಸಿನ ಮೂಲಕವೇ ನೋಡುವ ಎಸ್‌ಎಲ್‌ಆರ್ ಯುಗಕ್ಕೆ ಬಾಗಿಲು ತೆರೆಯಿತು. ರೇಂಜ್‌ಫೈಂಡರ್ ಹಿಂದೆ ಸರಿಯಿತು, ಸಾಯಲಿಲ್ಲ. ಲೈಕಾ ಎಂ ಸಾಲು ಇಂದಿಗೂ ನಡೆಯುತ್ತಿದೆ. 1984ರ ಎಂ6 ಫಿಲ್ಮ್ ಕ್ಯಾಮೆರಾವನ್ನು ಕಂಪನಿ 2022ರಲ್ಲಿ ಮತ್ತೆ ಮಾರಾಟಕ್ಕೆ ತಂದಿದೆ.

ಇನ್ನೊಂದು ಕವಲು ಬಡವರ ಲೈಕಾಗಳದ್ದು: ಲೆನ್ಸು ಬದಲಿಸಲಾಗದ, ಆದರೆ ರೇಂಜ್‌ಫೈಂಡರ್ ಇರುವ ಜಪಾನಿ ಕ್ಯಾಮೆರಾಗಳು. 1961ರಿಂದ ಬಂದ ಕ್ಯಾನನೆಟ್, 1966ರ ಯಾಷಿಕಾ ಎಲೆಕ್ಟ್ರೊ 35, ಮಿನೊಲ್ಟಾ ಹೈಮ್ಯಾಟಿಕ್, ಕೊನೆಗೆ ಯೋಷಿಹಿಸಾ ಮೈತಾನಿ ರೂಪಿಸಿದ 1979ರ ಅಂಗೈಯಗಲದ ಒಲಿಂಪಸ್ ಎಕ್ಸ್‌ಎ. ಹೊಸದಾಗಿ ಈ ಹುಚ್ಚು ಹಿಡಿಸಿಕೊಳ್ಳುವವರು ಇಲ್ಲಿಂದ ಶುರು ಮಾಡುವುದೇ ಲೇಸು. ಕ್ಯಾನನೆಟ್ ಜಿ3ರ 40 ಮಿ.ಮೀ. ಎಫ್/1.7 ಲೆನ್ಸು ಯಾವ ದುಬಾರಿ ಲೆನ್ಸಿನೆದುರೂ ನಾಚಿಕೊಳ್ಳಬೇಕಾಗಿಲ್ಲ.

ಕೈಯಲ್ಲಿ ಹಿಡಿದಾಗ

ಕನ್ನಡಿ ಎತ್ತಿ ಇಳಿಸುವ ಸದ್ದಿಲ್ಲ, ಅದುರುವಿಕೆ ಇಲ್ಲ. ಚಿತ್ರ ಬೀಳುವ ಕ್ಷಣದಲ್ಲಿ ಕಣ್ಣೆದುರು ಕತ್ತಲೆ ಕವಿಯುವುದಿಲ್ಲ. ಚೌಕಟ್ಟಿನ ಗೆರೆಯಾಚೆಗಿನ ಬೀದಿಯೂ ಕಾಣುತ್ತಿರುವುದರಿಂದ ಯಾರು ಒಳಗೆ ಬರುತ್ತಿದ್ದಾರೆ, ಯಾರು ಹೊರಡುತ್ತಿದ್ದಾರೆ ಎಂದು ಮೊದಲೇ ತಿಳಿಯುತ್ತದೆ. ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ತಿಯೆ ಬ್ರೆಸೋನ್ ಬಹುತೇಕ ಒಂದು ಲೈಕಾ, ಒಂದು 50 ಮಿ.ಮೀ. ಲೆನ್ಸಿನಲ್ಲಿ ಬದುಕಿಡೀ ಕೆಲಸ ಮಾಡಿದ್ದು ಇದೇ ಬಲದಿಂದ. 1948ರಲ್ಲಿ ಗಾಂಧೀಜಿಯ ಅಂತ್ಯಯಾತ್ರೆಯ ಜನಸಾಗರದ ನಡುವೆಯೂ, 1950ರ ಏಪ್ರಿಲ್‌ನಲ್ಲಿ ತಿರುವಣ್ಣಾಮಲೈಯ ರಮಣಾಶ್ರಮದಲ್ಲಿ ರಮಣ ಮಹರ್ಷಿಗಳು ತೀರಿಕೊಂಡಾಗಿನ ಮೌನದಲ್ಲೂ ಅವನಿದ್ದ.

ಬಳಕೆಯ ಜಾಣ್ಮೆ ಇರುವುದು ಪ್ರತಿಸಲವೂ ಫೋಕಸ್ ಮಾಡದಿರುವುದರಲ್ಲಿ. 35 ಮಿ.ಮೀ. ಲೆನ್ಸನ್ನು ಎಫ್/8ಕ್ಕೆ ಇಟ್ಟು 3 ಮೀಟರಿಗೆ ನಿಲ್ಲಿಸಿದರೆ ಸುಮಾರು 2 ಮೀಟರಿನಿಂದ 7 ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಜಾತ್ರೆ, ಸಂತೆ, ಬಸ್ ನಿಲ್ದಾಣಗಳಿಗೆ ಇಷ್ಟು ಸಾಕು. ಹಳೆಯ ಒಡಲುಗಳಲ್ಲಿ ಬೆಳಕು ಅಳೆಯುವ ಮೀಟರೂ ಇರುವುದಿಲ್ಲ. ಚುರುಗುಟ್ಟುವ ಬಿಸಿಲಿನಲ್ಲಿ ಐಎಸ್‌ಒ 100ರ ಫಿಲ್ಮಿಗೆ ಎಫ್/16, 1/125 ಸೆಕೆಂಡ್ ಎಂಬ ಹಳೆಯ ಲೆಕ್ಕವನ್ನು ನೆನಪಿಟ್ಟು, ಮೋಡ ಕವಿದಂತೆ ಅಪರ್ಚರನ್ನು (ಲೆನ್ಸಿನಲ್ಲಿ ಬೆಳಕು ಹಾಯುವ ರಂಧ್ರವನ್ನು) ಒಂದೊಂದೇ ಮೆಟ್ಟಿಲು ತೆರೆಯುತ್ತ ಹೋಗುವುದು ವಾಡಿಕೆ.

ತಪ್ಪುಗಳೂ ಈ ಜಾತಿಗೇ ವಿಶಿಷ್ಟ. ಲೆನ್ಸಿನ ಮುಚ್ಚಳ ತೆಗೆಯಲು ಮರೆತರೂ ವ್ಯೂಫೈಂಡರಿನಲ್ಲಿ ಲೋಕ ಝಗಮಗಿಸುತ್ತಲೇ ಇರುತ್ತದೆ. ಮೂವತ್ತಾರು ಚಿತ್ರ ತೆಗೆದು ರೀಲು ತೊಳೆಸಿದ ಮೇಲೆ ಖಾಲಿ ನೆಗೆಟಿವ್. ಕೆಳಗಿನಿಂದ ಫಿಲ್ಮ್ ತೂರಿಸುವ ಹಳೆಯ ಲೈಕಾಗಳಲ್ಲಿ ಫಿಲ್ಮಿನ ನಾಲಗೆಯನ್ನು ಸುಮಾರು 10 ಸೆಂ.ಮೀ. ಉದ್ದಕ್ಕೆ ಕತ್ತರಿಸಿಕೊಳ್ಳದಿದ್ದರೆ ಅದು ಒಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಝೋರ್ಕಿ, ಫೆಡ್‌ಗಳಲ್ಲಿ ಷಟರ್ ಏರಿಸಿದ ಮೇಲೆಯೇ ವೇಗ ಬದಲಿಸಬೇಕು. ಮೊದಲೇ ತಿರುಗಿಸಿದರೆ ಹಲ್ಲುಗಳಿಗೆ ಪೆಟ್ಟು. ಕೀವ್ ಮತ್ತು ಕಾಂಟಾಕ್ಸನ್ನು ಹಿಡಿಯುವಾಗ ಬಲಗೈ ಬೆರಳು ಕಿಂಡಿಗೆ ಅಡ್ಡ ಬರುತ್ತದೆ, ಅದಕ್ಕೇ ಬೆರಳು ಮಡಚಿಡುವ ಒಂದು ಅಭ್ಯಾಸವೇ ಬೆಳೆದಿದೆ. ಎಲ್ಲಕ್ಕಿಂತ ಘೋರವಾದದ್ದು ಬಿಸಿಲು. ಎಸ್‌ಎಲ್‌ಆರ್‌ನಲ್ಲಿ ಕನ್ನಡಿ ಅಡ್ಡವಿರುತ್ತದೆ, ಇಲ್ಲಿ ಲೆನ್ಸಿಗೂ ಬಟ್ಟೆಯ ಷಟರಿಗೂ ನಡುವೆ ಗಾಳಿ ಮಾತ್ರ. ಲೆನ್ಸು ಸೂರ್ಯನತ್ತ ಮುಖಮಾಡಿದಂತೆ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟರೆ ಭೂತಗನ್ನಡಿ ಕಾಗದ ಸುಟ್ಟಂತೆ ಷಟರಿನಲ್ಲಿ ತೂತು ಬೀಳುತ್ತದೆ. ನಮ್ಮ ಬೇಸಿಗೆಯಲ್ಲಿ ಇದಕ್ಕೆ ಹೆಚ್ಚು ಹೊತ್ತೇನೂ ಬೇಡ.

ಲೆನ್ಸುಗಳ ಸಂಬಂಧ

39 ಮಿ.ಮೀ. ತಿರುಪಿನ ಲೆನ್ಸು ಕೂರುವ ಜಾಗದಿಂದ ಫಿಲ್ಮಿಗೆ 28.8 ಮಿ.ಮೀ.; ಲೈಕಾ ಎಂ ಮೌಂಟಿನಲ್ಲಿ 27.8 ಮಿ.ಮೀ. ಈ ಒಂದು ಮಿ.ಮೀ. ವ್ಯತ್ಯಾಸವನ್ನು ಲೈಟ್ಸ್ ಬೇಕೆಂದೇ ಉಳಿಸಿತು. ಒಂದು ಮಿ.ಮೀ. ದಪ್ಪದ ಉಂಗುರ ಹಾಕಿದರೆ 1930ರ ದಶಕದ ಎಲ್ಮಾರ್, ಕ್ಯಾನನ್, ಜುಪಿಟರ್ ಯಾವುದಾದರೂ ಇಂದಿನ ಎಂ ಒಡಲಿನ ಮೇಲೆ ಕೂರುತ್ತದೆ, ರೇಂಜ್‌ಫೈಂಡರ್ ಸಮೇತ ಕೆಲಸ ಮಾಡುತ್ತದೆ. ಗಿರಾಕಿಯ ಹಳೆಯ ಗಂಟಿಗೆ ಇಷ್ಟು ಮರ್ಯಾದೆ ಕೊಟ್ಟ ಕಂಪನಿಗಳು ವಿರಳ.

ಆದರೆ ಕೂರುವುದು ಬೇರೆ, ಹೊಂದುವುದು ಬೇರೆ. 50 ಮಿ.ಮೀ. ಎಂದು ಬರೆದ ಲೆನ್ಸುಗಳ ನಿಜವಾದ ನಾಭಿದೂರ ಲೈಕಾ ಪದ್ಧತಿಯಲ್ಲಿ 51.6 ಮಿ.ಮೀ., ಕಾಂಟಾಕ್ಸ್ ಪದ್ಧತಿಯಲ್ಲಿ 52.4 ಮಿ.ಮೀ. ಸೋವಿಯತ್ ಜುಪಿಟರ್‌ಗಳು ಲೈಕಾ ತಿರುಪು ಧರಿಸಿಯೂ ಕಾಂಟಾಕ್ಸ್ ಲೆಕ್ಕದಲ್ಲೇ ನಡೆಯುತ್ತವೆ. ದೂರದ ಬೆಟ್ಟಕ್ಕೆ ಎರಡೂ ಒಂದೇ. ಒಂದು ಮೀಟರಿನಾಚೆಗಿನ ಮುಖಕ್ಕೆ ಎಫ್/1.5ರಲ್ಲಿ ಜುಪಿಟರ್-3 ಗುರಿಯಿಟ್ಟರೆ ಕಣ್ಣಿಗೆ ಬೀಳಬೇಕಾದ ಫೋಕಸ್ ತುಸು ಆಚೀಚೆ ಬೀಳುತ್ತದೆ. ಲೆನ್ಸು ಕೆಟ್ಟಿದೆ ಎಂದು ಮಾರಿಬಿಡುವವರು ಇದನ್ನರಿಯದವರು. ಒಳಗಿನ ತೆಳು ತಗಡಿನ ದಪ್ಪ ಬದಲಿಸಿ ಸರಿಮಾಡುವ ರಿಪೇರಿಯವರಿದ್ದಾರೆ, ಅಪರ್ಚರನ್ನು ಎಫ್/5.6ಕ್ಕೆ ಇಳಿಸಿದರೆ ದೋಷ ಮುಚ್ಚಿಯೂ ಹೋಗುತ್ತದೆ.

ಕನ್ನಡಿಯ ಪೆಟ್ಟಿಗೆ ಇಲ್ಲದ್ದರಿಂದ ಅಗಲ ನೋಟದ ಲೆನ್ಸು ಫಿಲ್ಮಿನ ತೀರ ಹತ್ತಿರಕ್ಕೆ ಇಳಿಯಬಲ್ಲದು. 35 ಮಿ.ಮೀ. ಜುಪಿಟರ್-12ರ ಹಿಂದಿನ ಗಾಜು ಗುಳ್ಳೆಯಂತೆ ಉಬ್ಬಿ ಷಟರನ್ನು ಮುಟ್ಟುವಷ್ಟು ಸಮೀಪ ನಿಲ್ಲುತ್ತದೆ; ಕ್ಯಾಮೆರಾದ ಹೊರಗೆ ಅದನ್ನು ಹಿಮ್ಮುಖವಾಗಿ ಮೇಜಿನ ಮೇಲಿಟ್ಟವರು ಆ ಗಾಜನ್ನು ಗೀರಿಕೊಂಡೇ ಪಾಠ ಕಲಿತಿದ್ದಾರೆ. ಲೈಕಾ ಲೆನ್ಸುಗಳ ಪೈಕಿ 1933ರ ಸುಮ್ಮಾರ್ ಮೃದು ಗಾಜಿನದು, ಗೀರಿಲ್ಲದ ಸುಮ್ಮಾರ್ ಸಿಕ್ಕರೆ ಅದೃಷ್ಟ. 1953ರ ಸುಮ್ಮಿಕ್ರಾನ್ ಹೊಸ ಬಗೆಯ ಗಾಜುಗಳಿಂದ ಬಂದ ತೀಕ್ಷ್ಣತೆಗೆ ಹೆಸರುವಾಸಿ. 1961ರಲ್ಲಿ ಕ್ಯಾನನ್ 7ರ ಜೊತೆ ಬಂದ 50 ಮಿ.ಮೀ. ಎಫ್/0.95 ಲೆನ್ಸನ್ನು ಕತ್ತಲೆಯನ್ನೂ ಸೆರೆಹಿಡಿಯುವ ಲೆನ್ಸೆಂದು ಕೊಂಡಾಡುತ್ತಾರೆ. ಚಿತ್ರಕ್ಕಿಂತ ಮಾತಿಗೇ ಅದರಿಂದ ಹೆಚ್ಚು ಉಪಯೋಗವಾಗಿದೆ.

ಕೊಳ್ಳುವಾಗ

ಕನ್ನಡನಾಡಿನ ಮಧ್ಯಮವರ್ಗದ ಮನೆಗಳಲ್ಲಿ ಸಿಗುವ ಹಳೆಯ ಕ್ಯಾಮೆರಾ ಹೆಚ್ಚಾಗಿ ಭಾರತದಲ್ಲೇ ತಯಾರಾದ ಆಗ್ಫಾ ಕ್ಲಿಕ್ 3ರಂಥ ಡಬ್ಬಿ ಕ್ಯಾಮೆರಾ. ರೇಂಜ್‌ಫೈಂಡರ್ ಸಿಗುವುದು ವಿದೇಶಕ್ಕೆ ಹೋಗಿಬಂದ ನೆಂಟರ ಪೆಟ್ಟಿಗೆಯಲ್ಲಿ, ಮುಚ್ಚಿದ ಸ್ಟುಡಿಯೊಗಳ ಅಟ್ಟದಲ್ಲಿ, ಬೆಂಗಳೂರಿನ ಚಿಕ್ಕಪೇಟೆ ಸುತ್ತ ಭಾನುವಾರ ನೆರೆಯುವ ಹಳೆ ಸಾಮಾನಿನ ಸಂತೆಯಲ್ಲಿ. ಎಲ್ಲಿ ಸಿಕ್ಕರೂ ಮೊದಲು ನೋಡಬೇಕಾದದ್ದು ಹೊರಮೈ ಹೊಳಪಲ್ಲ. ಲೆನ್ಸನ್ನು ಅನಂತಕ್ಕೆ ತಿರುಗಿಸಿ ದೂರದ ಮೊಬೈಲ್ ಟವರನ್ನೋ ರಾತ್ರಿಯಾದರೆ ಚಂದ್ರನನ್ನೋ ನೋಡಬೇಕು. ಎರಡು ಬಿಂಬ ಅಡ್ಡದಲ್ಲೂ ಉದ್ದದಲ್ಲೂ ಕೂಡಿಕೊಂಡರೆ ಅಳತೆಗೋಲು ನೆಟ್ಟಗಿದೆ. ಒಂದು ಬಿಂಬ ಇನ್ನೊಂದರ ಮೇಲೋ ಕೆಳಗೋ ಕೂತಿದ್ದರೆ ಕ್ಯಾಮೆರಾ ಎಲ್ಲೋ ಬಿದ್ದಿದೆ. ಎರಡನೆಯ ಬಿಂಬವೇ ಮಸುಕಾಗಿದ್ದರೆ ಅರೆಪಾರದರ್ಶಕ ಕನ್ನಡಿಯ ಬೆಳ್ಳಿ ಲೇಪ ಹೋಗಿದೆ. ಅದನ್ನು ಬದಲಿಸುವುದು ಎಲ್ಲರ ಕೈಲಾಗುವ ಕೆಲಸವಲ್ಲ.

ಆಮೇಲೆ ಒಂದು ಸೆಕೆಂಡಿನ ಷಟರ್. ಗಡಿಯಾರದ ಯಂತ್ರದಂತೆ ಸರಾಗವಾಗಿ ಗುರ್ರೆಂದರೆ ಸರಿ, ನಡುವೆ ತಡವರಿಸಿದರೆ ಒಳಗಿನ ಎಣ್ಣೆ ಗಟ್ಟಿಯಾಗಿದೆ. ಲೆನ್ಸು ಕಳಚಿ ಷಟರಿನ ಬಟ್ಟೆಯನ್ನು ಬಲ್ಬಿನೆದುರು ಹಿಡಿದರೆ ಸೂಜಿಮೊನೆಯಷ್ಟರ ತೂತೂ ನಕ್ಷತ್ರದಂತೆ ಮಿನುಗುತ್ತದೆ. ಲೆನ್ಸಿನೊಳಗೆ ಓರೆಯಾಗಿ ಟಾರ್ಚ್ ಬಿಟ್ಟು ನೋಡಿದರೆ ಜೇಡರ ಬಲೆಯಂಥ ಬೂಷ್ಟು, ಎಣ್ಣೆಯ ಆವಿ ಕಟ್ಟಿದ ಮಬ್ಬು, ಅಂಟು ಬಿಟ್ಟ ಗಾಜಿನ ಅಂಚಿನ ಕಾಮನಬಿಲ್ಲು ಎಲ್ಲವೂ ಬಯಲಾಗುತ್ತವೆ. ಮಬ್ಬನ್ನು ಒರೆಸಬಹುದು, ಬೂಷ್ಟು ಗಾಜನ್ನು ತಿಂದಿದ್ದರೆ ಕಲೆ ಉಳಿಯುತ್ತದೆ, ಅಂಟು ಬಿಟ್ಟದ್ದಕ್ಕೆ ಸುಲಭ ಮದ್ದಿಲ್ಲ. ಯಾಷಿಕಾ, ಕ್ಯಾನನೆಟ್‌ಗಳಲ್ಲಿ ಹಿಂಬಾಗಿಲಿನ ಸ್ಪಂಜು ಟಾರಿನಂತೆ ಕರಗಿ ಅಂಟುತ್ತದೆ. ಹೊಸದು ಅಂಟಿಸುವುದು ಮನೆಯಲ್ಲೇ ಆಗುವ ಕೆಲಸ. ಅವುಗಳ ಪಾದರಸದ ಬ್ಯಾಟರಿ ಈಗ ಸಿಗುವುದಿಲ್ಲ. ಕ್ಯಾನನೆಟ್ ಜಿ3ರಲ್ಲಿ 1.35 ವೋಲ್ಟಿನ ಜಾಗದಲ್ಲಿ 1.5 ವೋಲ್ಟಿನ ಕ್ಷಾರ ಬ್ಯಾಟರಿ ಹಾಕಿದರೆ ಮೀಟರು ತಪ್ಪು ಹೇಳೀತು. ವೋಲ್ಟೇಜ್ ಇಳಿಸುವ ಅಡಾಪ್ಟರ್ ಬಳಸುವುದು ಕ್ಷೇಮ.

ಬೆಲೆಯ ಮಾತು ಬೇರೆಯೇ ಲೋಕ. 1923ರ ಸುಮಾರಿಗೆ ಪರೀಕ್ಷೆಗೆಂದು ಇಪ್ಪತ್ತಮೂರರಷ್ಟೇ ತಯಾರಾದ ಲೈಕಾ ಸೊನ್ನೆ ಸರಣಿಯಲ್ಲಿ 105ನೆಯ ಸಂಖ್ಯೆಯದ್ದು ಬಾರ್ನಾಕ್ ಸ್ವಂತಕ್ಕೆ ಬಳಸಿದ್ದು. 2022ರ ಜೂನ್‌ನ ಹರಾಜಿನಲ್ಲಿ ಅದು ಕಮಿಷನ್ ಸೇರಿ 1 ಕೋಟಿ 44 ಲಕ್ಷ ಯೂರೊಗೆ ಹೋಯಿತು. ಇಂಥ ಬೆಲೆ ಇರುವಲ್ಲಿ ನಕಲಿ ಇಲ್ಲದಿರುವುದುಂಟೆ? 1929–30ರಲ್ಲಿ ನೂರಕ್ಕೂ ಕಡಿಮೆ ತಯಾರಾದ ಚಿನ್ನದ ಲೇಪದ ಲೈಕಾ ಈಗ ಸಂತೆಸಂತೆಯಲ್ಲೂ ದೊರೆಯುತ್ತದೆ. ಹಿಟ್ಲರನ ವಾಯುಪಡೆಯ ಗುರುತು ಕೆತ್ತಿದವಂತೂ ಆ ವಾಯುಪಡೆಯಲ್ಲಿ ಜನ ಇದ್ದರೋ ಕ್ಯಾಮೆರಾಗಳೇ ಇದ್ದವೋ ಎಂದು ಸಂಶಯ ಬರುವಷ್ಟು. ಬಹುಪಾಲು ಇವೆಲ್ಲ ಝೋರ್ಕಿ ಇಲ್ಲವೆ ಫೆಡ್, ಮೇಲಿನ ಬರಹ ಉಜ್ಜಿ ಲೈಕಾ ಎಂದು ಕೆತ್ತಿದವು. ಪತ್ತೆ ಹಚ್ಚಲು ಲೆನ್ಸು ಬಿಚ್ಚಿ, ರೇಂಜ್‌ಫೈಂಡರಿನ ತೋಳಿನ ತುದಿ ನೋಡಿದರೆ ಸಾಕು. ಅಸಲಿ ಲೈಕಾದಲ್ಲಿ ಅಲ್ಲಿ ತಿರುಗುವ ಪುಟ್ಟ ಚಕ್ರವಿರುತ್ತದೆ. ಸೋವಿಯತ್ ಕ್ಯಾಮೆರಾದಲ್ಲಿ ಚಕ್ರವಿಲ್ಲದ ಗಟ್ಟಿ ಬೆರಳು. ಹೊರಮೈಗೆ ಚಿನ್ನ ಬಳಿದವರು ಅಳತೆಯ ತೋಳನ್ನು ಮುಟ್ಟುವ ಗೋಜಿಗೆ ಹೋಗಿರುವುದಿಲ್ಲ. ನಕಲಿಯೆಂದು ತಿಳಿದೇ, ಝೋರ್ಕಿಯ ಬೆಲೆಗೆ ಕೊಂಡು ಚಿತ್ರ ತೆಗೆಯುವವರೂ ಇದ್ದಾರೆ. ಅದರಲ್ಲಿ ಮೋಸವೇನಿಲ್ಲ, ಒಳಗಿನ ಯಂತ್ರ ಝೋರ್ಕಿಯಷ್ಟೇ ಚೆನ್ನಾಗಿ ನಡೆಯುತ್ತದೆ.

ಇಡುವ ಬಗೆ

ಕರಾವಳಿಯಲ್ಲೂ ಮಲೆನಾಡಿನಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ, ಪುಸ್ತಕ, ಚಪ್ಪಲಿಗೆ ಹಿಡಿಯುವ ಬೂಷ್ಟೇ ಲೆನ್ಸಿಗೂ ಹಿಡಿಯುತ್ತದೆ. ಮೂಲ ಚರ್ಮದ ಚೀಲದಲ್ಲೇ ಇಟ್ಟರೆ ಬೆಲೆ ಹೆಚ್ಚು ಎಂಬ ಆಸೆಗೆ ಬಿದ್ದು ಅಲ್ಲೇ ಬಿಟ್ಟರೆ ಚೀಲ ತೇವ ಹೀರಿ ಬೂಷ್ಟಿನ ತವರಾಗುತ್ತದೆ. ಚೀಲ ಬೇರೆ, ಕ್ಯಾಮೆರಾ ಬೇರೆ ಇಡಬೇಕು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡುವುದು ಅಗ್ಗದ ದಾರಿ. ನೀಲಿ ಹರಳು ಗುಲಾಬಿಗೆ ತಿರುಗಿದರೆ, ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ನೀಲಿಯಾದ ಮೇಲೆ ಡಬ್ಬಿಗೆ ಸೇರಿಸಬಹುದು. ತೇವಾಂಶ ಶೇ. 40ರಿಂದ 50ರ ನಡುವೆ ಇದ್ದರೆ ಒಳ್ಳೆಯದು. ತೀರ ಒಣಗಿಸಿದರೆ ಚರ್ಮ ಬಿರಿಯುತ್ತದೆ, ಎಣ್ಣೆ ಆರುತ್ತದೆ. ಷಟರನ್ನು ಏರಿಸಿಟ್ಟು ಡಬ್ಬಿ ಮುಚ್ಚಬಾರದು, ಸ್ಪ್ರಿಂಗು ಸೋಲುತ್ತದೆ. ತಿಂಗಳಿಗೊಮ್ಮೆ ಹೊರತೆಗೆದು, ಎಲ್ಲ ವೇಗಗಳಲ್ಲೂ ಹತ್ತಾರು ಸಲ ಷಟರ್ ಓಡಿಸಿ, ಫೋಕಸ್ ಉಂಗುರವನ್ನು ತುದಿಯಿಂದ ತುದಿಗೆ ತಿರುಗಿಸಿ, ಕಿಟಕಿಯಾಚೆಯ ತೆಂಗಿನ ಮರದ ತುದಿಗೆ ಒಮ್ಮೆ ಎರಡು ಬಿಂಬಗಳನ್ನು ಕೂಡಿಸಿ ನೋಡಿ ಮತ್ತೆ ಒಳಗಿಡುತ್ತಾರೆ.